ಮುಂಬಯಿ ಮಳೆ, ಆಕಾಶದ ಕಲ್ಲು ಮತ್ತು ಮುಚ್ಚಿಹೋದ ಖಾತೆಗಳು



ಮುಂಬಯಿಯ ಚರಿತ್ರೆ ಎಂದಾಗ ನಾವು ಕನ್ನಡಿಗರು ಸಾಮಾನ್ಯವಾಗಿ ಹೋಟೆಲು, ಬ್ಯಾಂಕು, ರಾತ್ರಿಶಾಲೆ, ಯಕ್ಷಗಾನ ಮಂಡಳಿ, ಕನ್ನಡ ಸಂಘ ಇವಿಷ್ಟರ ಸುತ್ತಲೇ ತಿರುಗುತ್ತೇವೆ. ತಪ್ಪೇನಿಲ್ಲ, ನಮ್ಮ ಹೊಟ್ಟೆ ಬಟ್ಟೆಯ ಚರಿತ್ರೆ ಅದು. ಆದರೆ ಇದೇ ಊರಿನಲ್ಲಿ ಒಂದು ಕಾಲಕ್ಕೆ ಕೆಲವರು ಮಳೆನೀರು ಹಿಡಿದು, ಆಕಾಶದಿಂದ ಬಿದ್ದ ಕಲ್ಲು ಕೊರೆದು, ಸೂರ್ಯ ಹುಟ್ಟಿದ ಹೊಸತರಲ್ಲಿ ಏನೇನಾಯಿತು ಎಂದು ಲೆಕ್ಕ ಹಾಕುತ್ತಿದ್ದರು. ಆ ಕೆಲಸ ಇಲ್ಲಿ ಮೊಳೆತು ಅಹಮದಾಬಾದಿನಲ್ಲಿ ಫಲ ಕೊಟ್ಟಿತು. ಅದರ ಬೇರು ಹುಡುಕುತ್ತಾ ಹೋದರೆ ನಮ್ಮ ಬೆಂಗಳೂರಿಗೇ ಬಂದು ನಿಲ್ಲುತ್ತದೆ. ಈ ಕತೆ ಮುಂಬಯಿಯಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಬರಹ.

ನಾನು ಬಿ.ಕಾಂ. ಓದಿದವನು. ಜೋಗೇಶ್ವರಿಯಿಂದ ಲೋಕಲ್ ಹಿಡಿದು ಬ್ಯಾಂಕಿಗೆ ಹೋಗಿ ಬಂದು ಮೂವತ್ತು ವರ್ಷ ಆಗುತ್ತಾ ಬಂತು. ವಿಜ್ಞಾನ ಓದಿದ್ದು ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಹಾಗಿದ್ದರೂ ಈ ವಿಷಯ ನನಗೆ ರುಚಿಸಿತು, ಏಕೆಂದರೆ ಇದು ಕೊನೆಗೆ ಲೆಡ್ಜರಿನ ಕತೆಯೇ. ಜಮೆ, ಖರ್ಚು, ಬಾಕಿ, ಮುಚ್ಚಿದ ಖಾತೆ. ಭೌತಶಾಸ್ತ್ರ ಬಾರದವರೂ ಇದನ್ನು ಹಿಂಬಾಲಿಸಬಹುದು. ಬನ್ನಿ.

ಬೆಂಗಳೂರಿನಿಂದ ವಲಸೆ ಬಂದ ಸಂಸ್ಥೆ

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಹೋಮಿ ಭಾಭಾ ರಜೆಗೆಂದು ಭಾರತಕ್ಕೆ ಬಂದಿದ್ದರು. ಕೇಂಬ್ರಿಜ್‌ಗೆ ಮರಳುವುದು ಸಾಧ್ಯವಾಗಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸರ್ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗ ಸೇರಿಕೊಂಡರು. ಅದೇ ಯುದ್ಧದ ಕಾರಣಕ್ಕೆ ವಿಕ್ರಂ ಸಾರಾಭಾಯಿ ಕೂಡ ಇಂಗ್ಲೆಂಡಿನಿಂದ ಬಂದು ಅಲ್ಲೇ ಕೆಲಸಕ್ಕೆ ಕೂತರು. ಇಬ್ಬರ ವಿಷಯವೂ ಒಂದೇ: ವಿಶ್ವಕಿರಣ, ಎಲ್ಲರ ಬಾಯಲ್ಲಿ ಕಾಸ್ಮಿಕ್ ಕಿರಣ.

ಹೆಸರು ಕಿರಣವಾದರೂ ಇವು ಬೆಳಕಲ್ಲ. ನಕ್ಷತ್ರಲೋಕದಿಂದ, ಸ್ವಲ್ಪ ಪಾಲು ನಮ್ಮ ಸೂರ್ಯನಿಂದ, ಭಾರೀ ವೇಗದಲ್ಲಿ ಬರುವ ಪರಮಾಣುಗಳ ಬೀಜಗಳು. ಹೆಚ್ಚಿನವು ಜಲಜನಕದ ಬೀಜ. ಅಲ್ಲೊಂದು ಇಲ್ಲೊಂದು ಕಬ್ಬಿಣದಂಥ ಭಾರದ್ದು. ಹಗಲು ರಾತ್ರಿ ಎನ್ನದೆ ಭೂಮಿಯ ಮೇಲೆ ಸುರಿಯುತ್ತಲೇ ಇರುತ್ತವೆ.

1945ರ ಜೂನ್ 1ರಂದು ಭಾಭಾ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು, ಅಂದರೆ ಟಿಐಎಫ್‌ಆರ್ ಅನ್ನು, ಆರಂಭಿಸಿದ್ದು ಬೆಂಗಳೂರಿನಲ್ಲೇ. ಆರು ತಿಂಗಳಲ್ಲಿ ಅದು ಗಂಟುಮೂಟೆ ಕಟ್ಟಿ ಮುಂಬಯಿಗೆ ಬಂತು. ಡಿಸೆಂಬರ್ 19ರಂದು ಪೆಡ್ಡರ್ ರೋಡಿನ ಕೆನಿಲ್‌ವರ್ತ್ ಎಂಬ ಬಂಗಲೆಯಲ್ಲಿ ಉದ್ಘಾಟನೆಯಾಯಿತು. 1949ರಲ್ಲಿ ಅಲ್ಲಿಂದ ಗೇಟ್‌ವೇ ಹತ್ತಿರದ ಹಳೆಯ ಯಾಚ್ ಕ್ಲಬ್ಬಿಗೆ. 1962ರಲ್ಲಿ ಕೊಲಾಬಾದ ತುದಿಯ ಸ್ವಂತ ಕಟ್ಟಡಕ್ಕೆ. ಬೆಂಗಳೂರಿನಿಂದ ಬಂದು, ಬಾಡಿಗೆ ಮನೆ ಬದಲಾಯಿಸುತ್ತಾ, ಹದಿನೇಳು ವರ್ಷದ ಮೇಲೆ ಸ್ವಂತ ಮನೆ. ನಮ್ಮೆಲ್ಲರ ಕತೆಯ ಹಾಗೇ ಇದೆ ಅಲ್ಲವೇ!

ಆ ಸಂಸ್ಥೆಯ ಮೊದಲ ತಲೆಮಾರಿನಲ್ಲಿ ನಮ್ಮವರೂ ಇದ್ದರು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಟಿಐಎಫ್‌ಆರ್ ಸೇರಿದರು, ಮುಂದೆ 1975ರಿಂದ 1987ರವರೆಗೆ ಅದರ ನಿರ್ದೇಶಕರಾದರು. 1950ರ ದಶಕದ ಆರಂಭದಲ್ಲೇ ಅವರು ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು, ನೆಲದಡಿಗೂ ನುಗ್ಗಿ ಬರುವ ವಿಶ್ವಕಿರಣಗಳನ್ನು ಎಣಿಸಿದವರು. ಒಂದು ಗುಂಪು ಕೋಲಾರದ ಪಾತಾಳದಲ್ಲಿ ಎಣಿಸುತ್ತಿದ್ದಾಗ ಇನ್ನೊಂದು ಗುಂಪು ಬಲೂನು ಕಟ್ಟಿ ಆಕಾಶದಲ್ಲಿ ಎಣಿಸುತ್ತಿತ್ತು. ನಮ್ಮ ಕತೆ ಈ ಎರಡನೇ ಗುಂಪಿನದು.

ಮಳೆನೀರಿನಲ್ಲಿ ಏನು ಹುಡುಕಿದರು?

ದೇವೇಂದ್ರ ಲಾಲ್ 1929ರಲ್ಲಿ ವಾರಾಣಸಿಯಲ್ಲಿ ಹುಟ್ಟಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ 1949ರಲ್ಲಿ, ಇಪ್ಪತ್ತರ ಹುಡುಗ, ಮುಂಬಯಿಗೆ ಬಂದು ಟಿಐಎಫ್‌ಆರ್ ಸೇರಿದರು. ಎರಡು ವರ್ಷದ ನಂತರ ಅಲ್ಲಿಗೆ ಬರ್ನಾರ್ಡ್ ಪೀಟರ್ಸ್ ಬಂದರು. ಜರ್ಮನಿಯಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ಅಮೆರಿಕಕ್ಕೆ ಓಡಿ, ಅಲ್ಲಿ ಓಪನ್‌ಹೈಮರ್ ಅವರ ಶಿಷ್ಯರಾಗಿದ್ದವರು. ವಿಶ್ವಕಿರಣಗಳಲ್ಲಿ ಭಾರದ ಬೀಜಗಳೂ ಇವೆ ಎಂದು 1948ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು. ಆದರೆ ಆಗ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕುವ ಗಲಾಟೆ. ಅನುಮಾನದ ಕಣ್ಣು ಇವರ ಮೇಲೂ ಬಿತ್ತು. ಅಲ್ಲಿ ನೆಲೆ ತಪ್ಪಿದ ಮನುಷ್ಯನನ್ನು ಮುಂಬಯಿ ಕರೆದು ಕೂರಿಸಿತು. ಈ ಊರಿನ ಗುಣವೇ ಅದು.

ಪೀಟರ್ಸ್ ತಲೆಗೆ ಒಂದು ಯೋಚನೆ ಬಂತು. ವಿಶ್ವಕಿರಣ ಗಾಳಿಯ ಸಾರಜನಕ, ಆಮ್ಲಜನಕದ ಪರಮಾಣುಗಳಿಗೆ ಬಡಿದಾಗ ಅವು ಒಡೆಯುತ್ತವೆ. ಒಡೆದ ಚೂರುಗಳಲ್ಲಿ ಬೆರಿಲಿಯಂ ಎಂಬ ಧಾತುವಿನ ವಿಕಿರಣಶೀಲ ರೂಪಗಳು ಹುಟ್ಟಲೇಬೇಕು. ಒಂದು ಬೆರಿಲಿಯಂ-7, ಇದರ ಅರ್ಧಾಯು 53 ದಿನ. ಇನ್ನೊಂದು ಬೆರಿಲಿಯಂ-10, ಇದರ ಅರ್ಧಾಯು ಸುಮಾರು 14 ಲಕ್ಷ ವರ್ಷ. ಅರ್ಧಾಯು ಎಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಸಮಯ. ಈ ಲೆಕ್ಕವನ್ನು ಪೀಟರ್ಸ್ 1955ರಲ್ಲಿ ಪ್ರಕಟಿಸಿದ್ದು ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ಹುಟ್ಟಿದ್ದು ಎಲ್ಲಿ ಹೋಗುತ್ತದೆ? ಮಳೆಯಲ್ಲಿ ತೊಳೆದು ಕೆಳಗೆ ಬರುತ್ತದೆ. ಮಳೆಗೆ ಮುಂಬಯಿಯಲ್ಲಿ ಬರವೇ! ಲಾಲ್ ಮತ್ತು ಜೊತೆಗಾರರು ಮಳೆನೀರು ಹಿಡಿದು, ಅದರಿಂದ ರಾಸಾಯನಿಕವಾಗಿ ಬೇರ್ಪಡಿಸಿ, ಬೆರಿಲಿಯಂ-7, ರಂಜಕ-32, ಗಂಧಕ-35 ಇವನ್ನೆಲ್ಲ ಅಳೆದರು. ರಂಜಕ-32ರ ಅರ್ಧಾಯು ಎರಡೇ ವಾರ. 14 ದಿನದ್ದು, 53 ದಿನದ್ದು, 87 ದಿನದ್ದು ಹೀಗೆ ಬೇರೆ ಬೇರೆ ಅವಧಿಯ ಠೇವಣಿಗಳು ಒಂದೇ ಹನಿಯಲ್ಲಿ. ಯಾವುದು ಎಷ್ಟು ಉಳಿದಿದೆ ಎಂದು ನೋಡಿದರೆ, ಆ ಗಾಳಿ ಮೇಲೆ ಎಷ್ಟು ದಿನ ತಿರುಗಿ ಕೆಳಗೆ ಬಂತು ಎಂದು ಹೇಳಬಹುದು. ಜೋಗೇಶ್ವರಿಯಲ್ಲಿ ಜುಲೈ ತಿಂಗಳು ಕಳೆಯುವ ನಮಗೆ ಮಳೆ ಎಂದರೆ ಸ್ಟೇಷನ್ನಿನಲ್ಲಿ ಕಾಯುವುದು. ಅವರಿಗೆ ಅದು ಆಕಾಶದ ದಿನಚರಿ ಪುಸ್ತಕ.

ಉದ್ದ ಆಯಸ್ಸಿನ ಬೆರಿಲಿಯಂ-10ಕ್ಕೆ ಮಳೆ ಸಾಲದು. ಅದು ಕಡಲಿನ ತಳಕ್ಕೆ ಇಳಿದು ಕೆಸರಿನಲ್ಲಿ ಕೂರುತ್ತದೆ. ಆಳಸಮುದ್ರದ ಕೆಸರಿನಲ್ಲಿ ಅದನ್ನು ಕಂಡ ಮೊದಲಿಗರಲ್ಲಿ ಅಮೆರಿಕದ ಜೇಮ್ಸ್ ಆರ್ನಾಲ್ಡ್ ಒಂದು ಕಡೆ, ಮುಂಬಯಿಯ ಗುಂಪು ಇನ್ನೊಂದು ಕಡೆ. 1957ರ ಪ್ರಬಂಧದಲ್ಲಿ ಗೋಯಲ್, ಖಾರ್ಕರ್, ಲಾಲ್, ನರಸಪ್ಪಯ್ಯ, ಪೀಟರ್ಸ್, ಯತಿರಾಜಂ ಎಂದು ಆರು ಹೆಸರುಗಳಿವೆ. ಬೆರಿಲಿಯಂ-10 ಎಂಬ ಈ ಹೆಸರನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿರಿ. ಕೊನೆಯಲ್ಲಿ ಬೇಕಾಗುತ್ತದೆ.

ಕಲ್ಲು ಎಂಬ ಪಾಸ್‌ಬುಕ್

ಮಳೆಯ ಲೆಕ್ಕ ಕೆಲವು ದಿನಗಳದ್ದು, ಕಡಲ ಕೆಸರಿನದ್ದು ಕೆಲವು ಲಕ್ಷ ವರ್ಷಗಳದ್ದು. ಅದಕ್ಕೂ ಹಿಂದೆ ಹೋಗಬೇಕಾದರೆ? ಭೂಮಿಯ ಬಂಡೆಗಳು ಸಾಲುವುದಿಲ್ಲ.

ನಮ್ಮ ಜೋಗೇಶ್ವರಿ ಗುಹೆಗಳನ್ನು ನೋಡಿದ್ದೀರಲ್ಲ. ಆರನೇ ಶತಮಾನದಲ್ಲಿ ಕೊರೆದದ್ದು. ಆ ಕಪ್ಪುಕಲ್ಲು ಜ್ವಾಲಾಮುಖಿಯ ಲಾವಾ ಆರಿ ಆದದ್ದು. ದಖನ್ ಪ್ರಸ್ಥಭೂಮಿಯ ಈ ಲಾವಾಗಳಿಗೆ ಹೆಚ್ಚೂಕಡಿಮೆ ಆರೂವರೆ ಕೋಟಿ ವರ್ಷ. ಬಹಳ ಹಳೆಯದು ಅನ್ನಿಸುತ್ತದೆ. ಆದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮುಂದೆ ಇದು ನಿನ್ನೆ ಮೊನ್ನೆಯ ಕೂಸು. ಅದಕ್ಕೆ ಸುಮಾರು 300 ಕೋಟಿ ವರ್ಷ. ಇನ್ನು ಸೌರವ್ಯೂಹ ಹುಟ್ಟಿದ್ದು ಸುಮಾರು 456 ಕೋಟಿ ವರ್ಷದ ಹಿಂದೆ. ಅಂದರೆ ಲಾಲ್‌ಬಾಗ್ ಬಂಡೆ ಕೂಡ ಒಂದೂವರೆ ನೂರು ಕೋಟಿ ವರ್ಷ ತಡವಾಗಿ ಬಂದದ್ದು. ಭೂಮಿ ಎಂಬುದು ಹಳೆಯ ಲೆಡ್ಜರನ್ನು ಕರಗಿಸಿ ಅದೇ ಕಾಗದದಲ್ಲಿ ಹೊಸದು ಬರೆಯುವ ಆಫೀಸು. ಹಳೆಯ ದಾಖಲೆ ಉಳಿಯುವುದಿಲ್ಲ.

ಉಳಿದಿರುವುದು ಉಲ್ಕಾಶಿಲೆಗಳಲ್ಲಿ. ಮಂಗಳ ಗುರುಗಳ ನಡುವೆ ಸುತ್ತುವ ಸಣ್ಣ ಸಣ್ಣ ಗ್ರಹಗಳು ಒಂದಕ್ಕೊಂದು ಬಡಿದು ಚೂರಾಗಿ, ಆ ಚೂರು ತಿರುಗುತ್ತಾ ಕೊನೆಗೆ ಭೂಮಿಗೆ ಬೀಳುತ್ತದೆ. ಅವುಗಳಲ್ಲಿ ಹಲವು ಹುಟ್ಟಿದ ಮೇಲೆ ಕರಗಲೇ ಇಲ್ಲ. ಭೂಮಿಗೆ, ಸೌರವ್ಯೂಹಕ್ಕೆ ಇಷ್ಟು ವಯಸ್ಸು ಎಂದು 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಹೇಳಿದ್ದು ಕೂಡ ಉಲ್ಕಾಶಿಲೆಗಳ ಸೀಸವನ್ನು ಅಳೆದೇ.

ಲಾಲ್ ಗುಂಪು ಕಲ್ಲಿನಲ್ಲಿ ಬೇರೊಂದು ಬರಹ ಓದಲು ಹೊರಟಿತು. ವಿಶ್ವಕಿರಣದ ಒಂದು ಕಬ್ಬಿಣದ ಬೀಜ ಕಲ್ಲಿನ ಹರಳಿನೊಳಗೆ ನುಗ್ಗಿ ನಿಂತರೆ, ಅದು ಹೋದ ದಾರಿಯುದ್ದಕ್ಕೂ ಹರಳಿನ ಜೋಡಣೆ ಕೆಡುತ್ತದೆ. ಕಣ್ಣಿಗೆ ಕಾಣದು. ಆದರೆ ತಕ್ಕ ರಾಸಾಯನಿಕದಲ್ಲಿ ಅದ್ದಿದರೆ ಆ ಕೆಟ್ಟ ದಾರಿ ಮೊದಲು ಕರಗಿ ತೂತಾಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಗೀರಿನಂತೆ ಕಾಣುತ್ತದೆ. ಪ್ರತಿ ಗೀರೂ ಒಂದು ಎಂಟ್ರಿ. ಹರಳು ಬಯಲಿಗೆ ಎಷ್ಟು ಕಾಲ ಒಡ್ಡಿಕೊಂಡಿತ್ತೋ ಅಷ್ಟು ಗೀರು. ಕಲ್ಲಿನ ಆಳದಲ್ಲಿ ಕಡಿಮೆ, ಮೇಲ್ಮೈಯಲ್ಲಿ ಹೆಚ್ಚು.

ಉಲ್ಕಾಶಿಲೆಗಳಲ್ಲಿ ಹೇರಳವಾಗಿರುವ ಆಲಿವಿನ್ ಎಂಬ ಹರಳಿನಲ್ಲಿ ಈ ಗೀರು ಬಿಡಿಸುವ ಒಳ್ಳೆಯ ದ್ರಾವಣವೊಂದನ್ನು ಟಿಐಎಫ್‌ಆರ್‌ನಲ್ಲೇ ಕಂಡುಕೊಂಡರು. ಕೃಷ್ಣಸ್ವಾಮಿ, ಲಾಲ್, ಪ್ರಭು, ತಮ್ಹಾಣೆ ನಾಲ್ವರು ಸೇರಿ 1971ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಡಬ್ಲ್ಯುಎನ್ ದ್ರಾವಣ ಎಂಬ ಹೆಸರಿನಲ್ಲಿ ಹೊರದೇಶದ ಪ್ರಯೋಗಾಲಯಗಳೂ ಅದನ್ನು ಬಳಸಿವೆ.

ಇದಕ್ಕೂ ಎರಡು ವರ್ಷ ಮೊದಲು ಒಂದು ಸೊಗಸಾದ ಸಂಗತಿ ನಡೆದಿತ್ತು. ಕೆಲವು ಜಾತಿಯ ಉಲ್ಕಾಶಿಲೆಗಳಲ್ಲಿ ಸೂರ್ಯನಿಂದ ಬಂದ ಅನಿಲಗಳು ವಿಪರೀತ ಇರುತ್ತವೆ. ಗಟ್ಟಿಕಲ್ಲಿನ ಹೊಟ್ಟೆಯೊಳಗೆ ಸೂರ್ಯನ ಅನಿಲ ಹೇಗೆ ಸೇರಿತು ಎಂಬುದು ಒಗಟು. ಲಾಲ್ ಮತ್ತು ಆರ್.ಎಸ್. ರಾಜನ್ ಆ ಕಲ್ಲುಗಳನ್ನು ಬಿಡಿಸಿ ಒಂದೊಂದೇ ಹರಳನ್ನು ನೋಡಿದರು. ಕೆಲವು ಹರಳುಗಳ ಅಂಚಿನ ಸುತ್ತಲೂ ಗೀರುಗಳು ಒತ್ತೊತ್ತಾಗಿದ್ದವು. ಪಕ್ಕದ ಹರಳಿನಲ್ಲಿ ಏನೂ ಇಲ್ಲ! ಕಲ್ಲು ಕಲ್ಲಾದ ಮೇಲೆ ಹೀಗಾಗಲು ಸಾಧ್ಯವಿಲ್ಲ. ಅಂದರೆ ಕಲ್ಲಾಗುವುದಕ್ಕೆ ಮೊದಲು ಆ ಹರಳುಗಳು ಬಿಡಿ ಬಿಡಿಯಾಗಿ, ಧೂಳಿನಂತೆ, ಸೂರ್ಯನ ಬೆಳಕಿಗೆ ಬಿದ್ದುಕೊಂಡು, ಮಗ್ಗುಲು ಬದಲಾಯಿಸುತ್ತಾ, ಎಲ್ಲ ಬದಿಯಿಂದಲೂ ಏಟು ತಿಂದಿದ್ದವು. ಆಮೇಲೆ ಒತ್ತಿ ಕಲ್ಲಾಯಿತು. ಅದೇ ಹೊತ್ತಿಗೆ ಫ್ರಾನ್ಸಿನ ಗುಂಪೊಂದು ಸ್ವತಂತ್ರವಾಗಿ ಇದೇ ಮಾತಿಗೆ ಬಂದಿತ್ತು. ಎರಡೂ ಪ್ರಬಂಧಗಳು 'ನೇಚರ್' ಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲೇ ಬಂದದ್ದು 1969ರ ಜುಲೈನಲ್ಲಿ. ಆ ಜುಲೈನಲ್ಲೇ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು! ಅಪೊಲೊ ತಂದ ಚಂದ್ರನ ಮಣ್ಣನ್ನು ನೋಡಿದಾಗ ಅಲ್ಲಿಯೂ ಅಂಥವೇ ಹರಳುಗಳು. ಗಾಳಿಯಿಲ್ಲದ ಲೋಕದ ಮೇಲ್ಮಣ್ಣು ಹೇಗಿರುತ್ತದೆ ಎಂದು ಕಲ್ಲು ಮೊದಲೇ ಹೇಳಿಬಿಟ್ಟಿತ್ತು.

ಚಂದ್ರನ ಮಾದರಿಗಳು ಕೊಲಾಬಾಕ್ಕೂ ಬಂದವು. ಲಾಲ್, ನರೇಂದ್ರ ಭಂಡಾರಿ, ಭಟ್, ರಾಜಗೋಪಾಲನ್, ತಮ್ಹಾಣೆ, ವೆಂಕಟವರದನ್ ಇವರೆಲ್ಲ ಅದರ ಮೇಲೆ ಕೆಲಸ ಮಾಡಿದರು. ಈ ವಿ.ಎಸ್. ವೆಂಕಟವರದನ್ ಅವರೇ ಮುಂದೆ ವರ್ಲಿಯ ನೆಹರು ತಾರಾಲಯದ ನಿರ್ದೇಶಕರಾಗಿದ್ದರು. ಮಕ್ಕಳನ್ನು ಕರೆದುಕೊಂಡು ತಾರಾಲಯಕ್ಕೆ ಹೋದ ಮುಂಬಯಿ ಕನ್ನಡಿಗರು ಎಷ್ಟು ಮಂದಿಯೋ. ನಡೆಸುತ್ತಿದ್ದವರು ಚಂದ್ರನ ಮಣ್ಣು ಕೈಯಲ್ಲಿ ಹಿಡಿದವರು ಎಂದು ಗೊತ್ತಿದ್ದವರು ಕಡಿಮೆ.

ಅಹಮದಾಬಾದಿಗೆ ವರ್ಗ

1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯಿ ತೀರಿಕೊಂಡರು. ಅವರು 1947ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ್ದ ಭೌತಿಕ ಸಂಶೋಧನಾ ಪ್ರಯೋಗಾಲಯಕ್ಕೆ, ಎಲ್ಲರೂ ಪಿಆರ್‌ಎಲ್ ಅನ್ನುವ ಸಂಸ್ಥೆಗೆ, 1972ರಲ್ಲಿ ಲಾಲ್ ನಿರ್ದೇಶಕರಾಗಿ ಹೋದರು. ಅವರ ಗುಂಪಿನ ಹಲವರು ಜೊತೆಗೇ ಹೋದರು. ಬ್ಯಾಂಕಿನವರಿಗೆ ವರ್ಗ ಅಂದರೆ ಏನೆಂದು ಗೊತ್ತು. ಆದರೆ ಮ್ಯಾನೇಜರ್ ವರ್ಗವಾದರೆ ಬ್ರಾಂಚಿಗೆ ಬ್ರಾಂಚೇ ಹೊರಡುವುದನ್ನು ನಾನಂತೂ ಕಂಡಿಲ್ಲ! ಉಡುಪಿಯ ಆದಮಾರಿನ ನಮ್ಮ ಯು.ಆರ್. ರಾವ್ ಅವರು ಸಾರಾಭಾಯಿ ಅವರ ಶಿಷ್ಯರಾಗಿ ವಿಶ್ವಕಿರಣದ ಮೇಲೆ ಡಾಕ್ಟರೇಟ್ ಮಾಡಿದ್ದೂ ಇದೇ ಪಿಆರ್‌ಎಲ್‌ನಲ್ಲಿ.

ಅಲ್ಲಿಗೆ ಹೋದ ನಾಲ್ಕೇ ವರ್ಷಕ್ಕೆ ಕಲ್ಲೇ ಮನೆ ಬಾಗಿಲಿಗೆ ಬಂತು. 1976ರ ಜನವರಿ 28ರ ರಾತ್ರಿ ಸೌರಾಷ್ಟ್ರದ ಧಜಾಲಾ ಎಂಬ ಊರಿನ ಸುತ್ತ ಉಲ್ಕಾಶಿಲೆಗಳ ಮಳೆಯೇ ಸುರಿಯಿತು. ಆಯ್ದು ತಂದದ್ದು ಸುಮಾರು 45 ಕಿಲೋ. ಭಂಡಾರಿ, ಲಾಲ್ ಮತ್ತಿತರರು ಅದರ ಚೂರು ಚೂರನ್ನೂ ಪರೀಕ್ಷಿಸಿದರು. ಆಕಾಶದಲ್ಲಿ ಉರಿದುಹೋಗುವ ಮೊದಲು ಅದು ಎಷ್ಟು ದೊಡ್ಡದಿತ್ತು ಎಂಬುದನ್ನೂ ಗೀರುಗಳಿಂದಲೇ ಲೆಕ್ಕ ಹಾಕಿದರು.

ಆ ಗುಂಪಿನಲ್ಲಿ ಜಿತೇಂದ್ರನಾಥ ಗೋಸ್ವಾಮಿ ಎಂಬ ಯುವಕರಿದ್ದರು. ಅಸ್ಸಾಮಿನ ಜೋರ್ಹಾಟಿನಲ್ಲಿ 1950ರಲ್ಲಿ ಹುಟ್ಟಿ, ಮುಂಬಯಿಯ ಟಿಐಎಫ್‌ಆರ್‌ನಲ್ಲಿ ಶುರುಮಾಡಿ, ಅಹಮದಾಬಾದಿನಲ್ಲಿ ನೆಲೆಸಿದವರು. 2008ರ ಚಂದ್ರಯಾನ-1ರ ಪ್ರಧಾನ ವಿಜ್ಞಾನಿ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಆದರೆ ಅವರ ನಿಜವಾದ ದೊಡ್ಡ ಕೆಲಸ ಚಂದ್ರನದ್ದಲ್ಲ. ಕಲ್ಲಿನೊಳಗಿನ ಮುಚ್ಚಿದ ಖಾತೆಗಳದ್ದು.

ಮುಚ್ಚಿಹೋದ ಖಾತೆ ತೆರೆಯುವುದು

ಇದೇ ಈ ಬರಹದ ಮುಖ್ಯ ಭಾಗ. ಸ್ವಲ್ಪ ನಿಧಾನವಾಗಿ ಓದಿ.

ಅಲ್ಯೂಮಿನಿಯಂ ನಮ್ಮ ಅಡುಗೆಮನೆಯ ಪಾತ್ರೆಯದ್ದು, ಅದು ಅಲ್ಯೂಮಿನಿಯಂ-27, ಸ್ಥಿರ. ಅದರ ದಾಯಾದಿ ಅಲ್ಯೂಮಿನಿಯಂ-26 ವಿಕಿರಣಶೀಲ. ಅರ್ಧಾಯು ಸುಮಾರು 7 ಲಕ್ಷ 17 ಸಾವಿರ ವರ್ಷ. ಕರಗಿದಾಗ ಅದು ಮೆಗ್ನೀಸಿಯಂ-26 ಆಗುತ್ತದೆ. ಸೌರವ್ಯೂಹ ಹುಟ್ಟಿದಾಗ ಇದ್ದದ್ದು ಈಗ ಒಂದು ಕಣವೂ ಉಳಿದಿಲ್ಲ. ಖಾತೆ ಮುಚ್ಚಿ ನೂರಾರು ಕೋಟಿ ವರ್ಷ ಆಯಿತು. ಹಾಗಾದರೆ ಇತ್ತು ಎಂದು ಹೇಗೆ ಹೇಳುವುದು?

ನಾವು ಬ್ಯಾಂಕಿನಲ್ಲಿ ಏನು ಮಾಡುತ್ತೇವೆ? ಒಂದು ಹಳೆಯ ಠೇವಣಿ ಯೋಜನೆಯ ಲೆಡ್ಜರೇ ಸಿಗುತ್ತಿಲ್ಲ ಎನ್ನಿ. ಆದರೆ ಹತ್ತು ಗ್ರಾಹಕರ ಉಳಿತಾಯ ಖಾತೆಯಲ್ಲಿ ಒಂದೊಂದು ಜಮೆ ಇದೆ. ಆ ಯೋಜನೆಯಲ್ಲಿ ಯಾರು ಹೆಚ್ಚು ಇಟ್ಟಿದ್ದರೋ ಅವರಿಗೆ ಅದೇ ಪ್ರಮಾಣದಲ್ಲಿ ಹೆಚ್ಚು ಜಮೆ. ಆಗ ಅನುಮಾನವೇ ಇಲ್ಲ, ಅದು ಆ ಯೋಜನೆಯ ಬಡ್ಡಿ. ಬಡ್ಡಿಯ ದರವೂ ತಿಳಿಯುತ್ತದೆ. ಕಲ್ಲಿನಲ್ಲೂ ಹಾಗೇ. ಯಾವ ಹರಳಿನಲ್ಲಿ ಅಲ್ಯೂಮಿನಿಯಂ ಹೆಚ್ಚೋ ಅಲ್ಲಿ ಅದೇ ಪ್ರಮಾಣದಲ್ಲಿ ಮೆಗ್ನೀಸಿಯಂ-26 ಹೆಚ್ಚಾಗಿದ್ದರೆ, ಮುಚ್ಚಿಹೋದ ಅಲ್ಯೂಮಿನಿಯಂ-26 ಖಾತೆ ಅಲ್ಲಿತ್ತು ಎಂದೇ ಅರ್ಥ. 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಅಯೆಂದೆ ಉಲ್ಕಾಶಿಲೆಯಲ್ಲಿ ಇದನ್ನು 1976ರಲ್ಲಿ ಅಮೆರಿಕದಲ್ಲಿ ಲೀ, ಪಾಪನಾಸ್ಟಾಸಿಯೂ, ವಾಸ್ಸರ್‌ಬರ್ಗ್ ತೋರಿಸಿದ್ದರು. ಆ ಕಲ್ಲಿನೊಳಗೆ ಬಿಳಿ ಚುಕ್ಕೆಗಳಿವೆ, ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ತುಂಬಿದವು. ಸೌರವ್ಯೂಹದಲ್ಲಿ ನಮಗೆ ಗೊತ್ತಿರುವ ಮೊಟ್ಟಮೊದಲ ಗಟ್ಟಿ ಪದಾರ್ಥ ಅವೇ.

ಗೋಸ್ವಾಮಿ ಗುಂಪು ಇನ್ನೂ ಬೇಗ ಮುಚ್ಚಿದ ಖಾತೆಯನ್ನು ಹುಡುಕಿತು. ಕ್ಯಾಲ್ಸಿಯಂ-41. ಅರ್ಧಾಯು ಬರೀ ಒಂದು ಲಕ್ಷ ವರ್ಷ. ಕರಗಿದರೆ ಪೊಟ್ಯಾಸಿಯಂ-41. ಕಜಾಕಸ್ತಾನದಲ್ಲಿ 1962ರಲ್ಲಿ ಸಿಕ್ಕಿದ ಎಫ್ರೆಮೋವ್ಕಾ ಎಂಬ ಉಲ್ಕಾಶಿಲೆಯ ಬಿಳಿ ಚುಕ್ಕೆಗಳಲ್ಲಿ, ಪಿಆರ್‌ಎಲ್‌ನ ಅಯಾನ್ ಪ್ರೋಬ್ ಯಂತ್ರದಿಂದ ಜಿ. ಶ್ರೀನಿವಾಸನ್, ಮಾಸ್ಕೊದ ಉಲ್ಯಾನೋವ್ ಮತ್ತು ಗೋಸ್ವಾಮಿ ಅದರ ಗುರುತು ಹಿಡಿದು 1994ರಲ್ಲಿ ಪ್ರಕಟಿಸಿದರು. ಎಷ್ಟಿತ್ತು? ನೂರು ಕೋಟಿ ಕ್ಯಾಲ್ಸಿಯಂ ಪರಮಾಣುಗಳಿಗೆ ಹದಿನಾಲ್ಕರಷ್ಟು! ಮುಂದೆ 2012ರಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದಾಗ ಅದು ಸುಮಾರು ನಾಲ್ಕಕ್ಕಿಳಿಯಿತು. ಆ ಹೊಸ ಪ್ರಬಂಧದ ಲೇಖಕರಲ್ಲಿ ಅದೇ ಶ್ರೀನಿವಾಸನ್ ಕೂಡ ಒಬ್ಬರು. ತಾವೇ ಬರೆದ ಎಂಟ್ರಿಯನ್ನು ತಾವೇ ಮತ್ತೆ ಆಡಿಟ್ ಮಾಡಿ ತಿದ್ದುವುದು ಎಂದರೆ ಇದು. ಅಂಕಿ ಬದಲಾಯಿತು, ಖಾತೆ ಇತ್ತು ಎಂಬುದು ಬದಲಾಗಲಿಲ್ಲ.

ಇಷ್ಟು ಚಿಕ್ಕ ಅಂಕಿಗೆ ಯಾಕೆ ಇಷ್ಟು ಬೆಲೆ? ಲೆಕ್ಕ ನೋಡಿ. ಲಕ್ಷ ವರ್ಷಕ್ಕೊಮ್ಮೆ ಅರ್ಧವಾಗುವುದು ಹತ್ತು ಲಕ್ಷ ವರ್ಷದಲ್ಲಿ 1,024ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು ಹತ್ತು ಲಕ್ಷಕ್ಕೆ ಹತ್ತು ಲಕ್ಷದಲ್ಲೊಂದು ಪಾಲು. ಆದರೂ ಬಿಳಿ ಚುಕ್ಕೆಯಲ್ಲಿ ಗುರುತು ಉಳಿದಿದೆ ಎಂದರೆ, ಈ ಕ್ಯಾಲ್ಸಿಯಂ ಯಾವುದೋ ನಕ್ಷತ್ರದ ಒಡಲಿನಿಂದ ಹೊರಬಿದ್ದು, ನಮ್ಮ ಸೂರ್ಯನ ಮೋಡಕ್ಕೆ ಬೆರೆತು, ಗಟ್ಟಿಯಾಗುವವರೆಗೆ ಹೆಚ್ಚೂಕಡಿಮೆ ಹತ್ತು ಲಕ್ಷ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿದಿರಲಾರದು. ಆಕಾಶದ ಲೆಕ್ಕದಲ್ಲಿ ಹತ್ತು ಲಕ್ಷ ವರ್ಷ ಎಂದರೆ ಚಹಾ ಕುಡಿಯುವಷ್ಟು ಹೊತ್ತು.

1998ರಲ್ಲಿ ಸಂದೀಪ್ ಸಾಹಿಜ್‌ಪಾಲ್, ಗೋಸ್ವಾಮಿ ಮತ್ತು ಅಮೆರಿಕದ ಜೊತೆಗಾರರು 'ನೇಚರ್'ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಯೂಮಿನಿಯಂ-26 ಇರುವ ಹರಳಿನಲ್ಲಿ ಕ್ಯಾಲ್ಸಿಯಂ-41 ಇದೆ, ಅದಿಲ್ಲದಲ್ಲಿ ಇದೂ ಇಲ್ಲ. ಒಂದೇ ದಿನ ಒಂದೇ ಕೌಂಟರಿನಲ್ಲಿ ಜಮೆಯಾದ ಎರಡು ಚೆಕ್ಕುಗಳ ಹಾಗೆ. ಎರಡೂ ಒಂದೇ ಕಡೆಯಿಂದ, ನಕ್ಷತ್ರದಿಂದ ಬಂದವು ಎಂಬ ವಾದಕ್ಕೆ ಇದರಿಂದ ಬಲ ಬಂತು. ಆ ನಕ್ಷತ್ರ ಯಾವ ಬಗೆಯದ್ದು, ಸಾಯುತ್ತಾ ಸಿಡಿದದ್ದೋ, ಬದುಕಿದ್ದಾಗಲೇ ಗಾಳಿಯಂತೆ ಉದುರಿಸಿದ್ದೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಮಧ್ಯೆ ರಾಜಸ್ಥಾನದಲ್ಲೊಂದು ಕಲ್ಲು ಬಿತ್ತು. 1996ರ ಜೂನ್ 20ರಂದು, ಪಾಲಿ ಜಿಲ್ಲೆಯ ಪಿಪ್ಲಿಯಾ ಕಲಾಂ ಎಂಬ ಊರಿನಲ್ಲಿ, ಸುಮಾರು 42 ಕಿಲೋ. ಇದು ಬೇರೆ ಜಾತಿ. ಒಮ್ಮೆ ಕರಗಿ ಲಾವಾ ಆಗಿ ಆರಿದ ಕಲ್ಲು, ನಮ್ಮ ಜೋಗೇಶ್ವರಿಯ ಕಪ್ಪುಕಲ್ಲಿನ ದೂರದ ನೆಂಟ. ಸಣ್ಣ ಗ್ರಹವೊಂದು ಕರಗುವಷ್ಟು ಶಾಖ ಎಲ್ಲಿಂದ ಬಂತು? ಅಲ್ಯೂಮಿನಿಯಂ-26 ಕರಗುವಾಗ ಬಿಡುವ ಶಾಖದಿಂದ ಇರಬಹುದು ಎಂದು ಹೆರಾಲ್ಡ್ ಯೂರಿ 1955ರಲ್ಲೇ ಊಹಿಸಿದ್ದರು. ಶ್ರೀನಿವಾಸನ್, ಗೋಸ್ವಾಮಿ, ಭಂಡಾರಿ ಮೂವರೂ ಪಿಪ್ಲಿಯಾ ಕಲಾಂ ಕಲ್ಲಿನಲ್ಲಿ ಅದರ ಗುರುತು ಕಂಡು 1999ರಲ್ಲಿ 'ಸೈನ್ಸ್'ನಲ್ಲಿ ಬರೆದರು. ಮೊದಲ ಬಿಳಿ ಚುಕ್ಕೆಗಳು ಹುಟ್ಟಿ ಐವತ್ತು ಲಕ್ಷ ವರ್ಷದೊಳಗೆ ಆ ಪುಟ್ಟ ಗ್ರಹ ಕರಗಿ, ಆರಿ, ಗಟ್ಟಿಯಾಗಿಬಿಟ್ಟಿತ್ತು. ನಲವತ್ತು ವರ್ಷ ಸಾಕ್ಷಿಯಿಲ್ಲದೆ ನಿಂತಿದ್ದ ಊಹೆಗೆ ಮಾರವಾಡದ ಕಲ್ಲು ಸಾಕ್ಷಿ ನುಡಿಯಿತು!

ಮತ್ತೆ ಬೆರಿಲಿಯಂ

ಈಗ ಮನಸ್ಸಿನ ಮೂಲೆಯಲ್ಲಿ ಇಟ್ಟದ್ದನ್ನು ತೆಗೆಯಿರಿ. ಬೆರಿಲಿಯಂ-10. ಇದು ನಕ್ಷತ್ರದ ಒಡಲಿನಲ್ಲಿ ತಯಾರಾಗುವುದಿಲ್ಲ, ಅಲ್ಲಿ ಬೆರಿಲಿಯಂ ನಾಶವಾಗುತ್ತದೆ. ವೇಗದ ಕಣಗಳು ಬಡಿದು ಒಡೆದಾಗ ಮಾತ್ರ ಹುಟ್ಟುತ್ತದೆ. ನಮ್ಮ ಗಾಳಿಯಲ್ಲಿ ಹುಟ್ಟುವುದೂ ಹಾಗೇ ತಾನೇ.

2000ದಲ್ಲಿ ಅಯೆಂದೆ ಕಲ್ಲಿನಲ್ಲಿ ಇದರ ಗುರುತು ಸಿಕ್ಕಿತ್ತು. 2002ರಲ್ಲಿ ಪಿಆರ್‌ಎಲ್‌ನ ಕುಲಜೀತ್ ಮರ್ಹಾಸ್, ಗೋಸ್ವಾಮಿ ಮತ್ತು ಷಿಕಾಗೊದ ಡೇವಿಸ್, ಆಸ್ಟ್ರೇಲಿಯಾದಲ್ಲಿ 1969ರಲ್ಲಿ ಬಿದ್ದ ಮರ್ಚಿಸನ್ ಉಲ್ಕಾಶಿಲೆಯ ಅತಿ ಸಣ್ಣ ನೀಲಿ ಹರಳುಗಳನ್ನು ಅಳೆದರು. ಅಲ್ಯೂಮಿನಿಯಂ-26 ಇಲ್ಲ, ಕ್ಯಾಲ್ಸಿಯಂ-41 ಇಲ್ಲ, ಆದರೆ ಬೆರಿಲಿಯಂ-10 ಇದೆ! ಅಂದರೆ ಎರಡು ಬೇರೆ ಬೇರೆ ಮೂಲ. ಒಂದು ಪಾಲು ಹೊರಗಿನ ನಕ್ಷತ್ರದಿಂದ ಬಂದ ಜಮೆ. ಇನ್ನೊಂದು ಪಾಲು ಎಳೆಯ ಸೂರ್ಯನ ಕಾಲದಲ್ಲೇ ಕಣಗಳ ಏಟಿನಿಂದ ಹುಟ್ಟಿದ್ದು. ಒಂದೇ ಖಾತೆಯಂತೆ ಕಾಣುತ್ತಿದ್ದದ್ದನ್ನು ಬಿಡಿಸಿ ಇಬ್ಬರು ವಾರಸುದಾರರನ್ನು ತೋರಿಸಿದ ಹಾಗೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದೇ ನೋಡಿ. 1955ರಲ್ಲಿ ಮುಂಬಯಿಯಲ್ಲಿ ಕೂತು ಪೀಟರ್ಸ್ ಲೆಕ್ಕ ಹಾಕಿದ, 1957ರಲ್ಲಿ ಲಾಲ್ ಜೊತೆಗಾರರು ಕಡಲ ಕೆಸರಿನಲ್ಲಿ ಹುಡುಕಿದ ಅದೇ ಬೆರಿಲಿಯಂ-10, ಅವರ ಶಿಷ್ಯರ ಶಿಷ್ಯರ ಕೈಯಲ್ಲಿ 45 ವರ್ಷದ ಮೇಲೆ ಸೂರ್ಯನ ಬಾಲ್ಯದ ಬೀಗ ತೆಗೆಯಿತು. ಮಳೆನೀರು ಹಿಡಿಯುತ್ತಿದ್ದಾಗ ಇದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ. ಆಗ ನಿಲ್ಲಿಸಿದ್ದರೆ ಇದೂ ಇರುತ್ತಿರಲಿಲ್ಲ. ಲಾಲ್ 2012ರ ಡಿಸೆಂಬರ್ 1ರಂದು ತೀರಿಕೊಂಡರು. ಅದಕ್ಕೆ ಮೊದಲೇ ಈ ಫಲವನ್ನು ಕಣ್ಣಾರೆ ಕಂಡಿದ್ದರು.

ನಮ್ಮ ಕಡೆಯ ಕಲ್ಲುಗಳು

ಇದೆಲ್ಲ ಎಲ್ಲೋ ಮೆಕ್ಸಿಕೊ, ಆಸ್ಟ್ರೇಲಿಯಾದ ಕಲ್ಲಿನ ಮಾತಾಯಿತು ಎನ್ನಬೇಡಿ. ನಮ್ಮ ನೆಲಕ್ಕೂ ಬಿದ್ದಿವೆ. 1865ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ ಬಿದ್ದದ್ದು 'ಮುದ್ದೂರ್' ಎಂಬ ಹೆಸರಿನಲ್ಲಿ, 1866ರಲ್ಲಿ ಉಡುಪಿ ಸೀಮೆಯಲ್ಲಿ ಬಿದ್ದದ್ದು 'ಉಡಿಪಿ' ಎಂಬ ಹೆಸರಿನಲ್ಲಿ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿವೆ. ಮಸಾಲೆದೋಸೆಯಿಂದಲ್ಲದೆ ಕಲ್ಲಿನಿಂದಲೂ ಉಡುಪಿಯ ಹೆಸರು ಲೋಕಕ್ಕೆ ಗೊತ್ತು! ತೀರಾ ಇತ್ತೀಚಿನದು ಎಂದರೆ 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಹೊಸೂರಿನ ಆಚೆ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿಯಲ್ಲಿ ಬಿದ್ದದ್ದು. ಕನ್ನಡ, ತಮಿಳು, ತೆಲುಗು ಮೂರೂ ಕೇಳಿಬರುವ ಸೀಮೆ. ಒಟ್ಟು ಸಿಕ್ಕಿದ್ದು ಸುಮಾರು 110 ಕಿಲೋ.

ಊರಿನಲ್ಲಿ ಇಂಥದ್ದು ಬಿದ್ದರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಕುಂಕುಮ ಹಚ್ಚಿ ಪೂಜೆಗಿಡುವವರು ಕೆಲವರು, ಚಿನ್ನ ಇದೆಯೋ ಎಂದು ಸುತ್ತಿಗೆ ತರುವವರು ಕೆಲವರು, ಮನೆಗೊಂದು ಚೂರು ಹಂಚಿಕೊಳ್ಳುವವರು ಉಳಿದವರು. ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ನೆನಪಿಡಿ, ಧಜಾಲಾದ, ಪಿಪ್ಲಿಯಾ ಕಲಾಂನ ಹಳ್ಳಿಯವರು ಕಲ್ಲನ್ನು ಒಪ್ಪಿಸಿದ್ದರಿಂದಲೇ ಈ ಚರಿತ್ರೆ ಬರೆಯಲು ಆಯಿತು. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಯ್ದಿಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದ್ದು, ಅಂದರೆ ಜಿಎಸ್‌ಐಯದ್ದು. ಊರಿನ ನಿಮ್ಮ ಅಣ್ಣತಮ್ಮಂದಿರಿಗೆ, ಮಾವಂದಿರಿಗೆ ಫೋನಿನಲ್ಲಿ ಮಾತಾಡುವಾಗ ಒಂದು ಮಾತು ಹೇಳಿಡಿ. ಕಪ್ಪು ಸಿಪ್ಪೆ ಕಟ್ಟಿದ, ಗಾತ್ರಕ್ಕೆ ಮೀರಿ ಭಾರವಾದ ಕಲ್ಲು ಆಕಾಶದಿಂದ ಬಿದ್ದರೆ ತೊಳೆಯಬೇಡಿ, ಒಡೆಯಬೇಡಿ. ಬಿದ್ದ ದಿನ, ಹೊತ್ತು, ಜಾಗ ಬರೆದಿಟ್ಟು ತಹಶೀಲ್ದಾರರಿಗೆ ತಿಳಿಸಿ. ತಡಮಾಡಬೇಡಿ, ಏಕೆಂದರೆ ಅದರಲ್ಲಿ ಕೆಲವೇ ದಿನ ಬಾಳುವ ಎಂಟ್ರಿಗಳೂ ಇರುತ್ತವೆ, ಒಂದೊಂದಾಗಿ ಅಳಿಸಿಹೋಗುತ್ತಿರುತ್ತವೆ.

ನಮ್ಮ ಎಲುಬಿನ ಕ್ಯಾಲ್ಸಿಯಂ ಕೂಡ ಯಾವುದೋ ಕಾಲದ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದದ್ದೇ. ಆ ಮಟ್ಟಿಗೆ ನಾವೆಲ್ಲರೂ ವಲಸೆಗಾರರು. ಎಲ್ಲಿಂದ ಬಂದೆವು ಎಂಬುದಕ್ಕೆ ನಮ್ಮ ಬಳಿ ಕಾಗದಪತ್ರ ಇಲ್ಲ. ಇರುವ ಒಂದೇ ದಾಖಲೆ ಆಗೊಮ್ಮೆ ಈಗೊಮ್ಮೆ ಹೊಲಕ್ಕೆ ಬಂದು ಬೀಳುತ್ತದೆ. ಅದನ್ನು ಒಡೆಯದೆ ಎತ್ತಿಡುವುದಷ್ಟೇ ನಮ್ಮ ಪಾಲಿನ ಕೆಲಸ.